ಹಂಚಿಕೆ ಮತ್ತು ಸಮಪಾಲು: ಭ್ರೂಣಶಾಸ್ತ್ರದ ಕಿರಿಯ ಸಂಶೋಧಕರನ್ನು ಕುರಿತ ಕೆಲವು ಗ್ರಂಥಗಳ ವಿಮರ್ಶೆ

೧

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಅನುಸರಿಸುತ್ತಾರೆ. ಕೆಲವರು ಸಿದ್ಧಾಂತಗಳ ಚರಿತ್ರೆಯನ್ನು ಬರೆಯುತ್ತಾರೆ. ಕೆಲವರು ಮಹಾವ್ಯಕ್ತಿಗಳ ಚರಿತ್ರೆಯನ್ನು. ಎರಡಕ್ಕೂ ಅದರದರ ಪ್ರಯೋಜನವುಂಟೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಎರಡು ಮಾರ್ಗಗಳಲ್ಲಿಯೂ ಕಣ್ಣಿಗೆ ಬೀಳದೆ ಉಳಿದುಹೋಗುವ ವರ್ಗವೊಂದುಂಟು. ಸೂಕ್ಷ್ಮದರ್ಶಕದ ಮುಂದೆ ಕುಳಿತು, ಕೈಯಲ್ಲಿ ಸೂಜಿಯನ್ನು ಹಿಡಿದು, ಇನ್ನೂ ತನ್ನದೆಂಬ ಪೀಠವಾಗಲಿ ಹೆಸರಾಗಲಿ ಇಲ್ಲದೆ ಕೆಲಸಮಾಡುವ ಇಪ್ಪತ್ತೈದು ಮೂವತ್ತರ ವಯಸ್ಸಿನ ಸಂಶೋಧಕರ ವರ್ಗ ಅದು. ಪ್ರಯೋಗವಿಜ್ಞಾನಗಳ ಬಹುಪಾಲು ಕೆಲಸ ಇವರ ಕೈಯಿಂದಲೇ ನಡೆದಿದೆ. ಆದರೆ ಚರಿತ್ರೆಯಲ್ಲಿ ಇವರಿಗೆ ದೊರೆತಿರುವ ಸ್ಥಳ ಗುರುವಿನ ಹೆಸರಿನ ಪಕ್ಕದಲ್ಲಿ ಒಂದು ಅರ್ಧ ವಾಕ್ಯ ಮಾತ್ರ.

ಈ ಲೇಖನದಲ್ಲಿ ನಾವು ಒಂದೇ ಶಾಸ್ತ್ರವನ್ನು ಆರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ. ಅದು ಹಿಂದೆ ಭ್ರೂಣಶಾಸ್ತ್ರವೆಂದೂ ಇಂದು ಬೆಳವಣಿಗೆಯ ಜೀವವಿಜ್ಞಾನವೆಂದೂ ಕರೆಯಲ್ಪಡುವ ಶಾಸ್ತ್ರ: ಒಂದು ಅಂಡಕೋಶದಿಂದ ಇಡೀ ಪ್ರಾಣಿ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಅಭ್ಯಾಸಮಾಡುವ ಶಾಸ್ತ್ರ. ಪ್ರಸ್ತುತ ಲೇಖಕ ಚರಿತ್ರೆಯ ಅಭ್ಯಾಸಿಯೇ ಹೊರತು ಜೀವವಿಜ್ಞಾನಿಯಲ್ಲ. ಆದುದರಿಂದ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಆ ಶಾಸ್ತ್ರದ ತತ್ತ್ವಗಳನ್ನಲ್ಲ. ಅದರ ಪ್ರಯೋಗಶಾಲೆಗಳಲ್ಲಿ ಕಿರಿಯರು ಬಾಳಿದ ಬಗೆಯನ್ನು ಚಿತ್ರಿಸುವ ಗ್ರಂಥಗಳನ್ನು. ವಿಕ್ಟರ್ ಹ್ಯಾಂಬರ್ಗರ್ ಅವರು ತಮ್ಮ ಗುರು ಹಾನ್ಸ್ ಸ್ಪೆಮಾನರನ್ನು ಕುರಿತು ೧೯೮೮ರಲ್ಲಿ ಪ್ರಕಟಿಸಿದ ಗ್ರಂಥ, ರಾಬರ್ಟ್ ಕೋಲರ್ ಅವರು ಹಣ್ಣುನೊಣದ ಸಂಶೋಧಕರನ್ನು ಕುರಿತು ೧೯೯೪ರಲ್ಲಿ ಪ್ರಕಟಿಸಿದ 'ಲಾರ್ಡ್ಸ್ ಆಫ್ ದ ಫ್ಲೈ', ಜಾನ್ ಸಲ್‌ಸ್ಟನ್ ಮತ್ತು ಜಾರ್ಜಿನಾ ಫೆರಿ ಅವರ 'ದ ಕಾಮನ್ ಥ್ರೆಡ್' (೨೦೦೨) — ಈ ಮೂರು ಮುಖ್ಯ ಆಧಾರಗಳು. ಇವುಗಳ ಜೊತೆಗೆ ಕೆಲವು ಸಂಶೋಧನ ಪ್ರಬಂಧಗಳ ಶೀರ್ಷಿಕೆ ಪುಟಗಳನ್ನೂ ಸಾಕ್ಷ್ಯವಾಗಿ ಬಳಸಿಕೊಳ್ಳಲಾಗಿದೆ.

ಈ ಗ್ರಂಥಗಳನ್ನು ಓದಿದವರಿಗೆ ಒಂದು ಅಂಶ ಸ್ಪಷ್ಟವಾಗುತ್ತದೆ. ಅವು ಪ್ರಯೋಗಶಾಲೆಯ ಔದಾರ್ಯವನ್ನು ಬಹಳವಾಗಿ ಕೊಂಡಾಡುತ್ತವೆ: ಉಪಕರಣಗಳ ಹಂಚಿಕೆ, ಪ್ರಾಣಿತಳಿಗಳ ಹಂಚಿಕೆ, ವಿಚಾರಗಳ ಹಂಚಿಕೆ. ಈ ಹೊಗಳಿಕೆ ಸುಳ್ಳಲ್ಲ. ಆದರೆ ಹಂಚಿಕೆ ಬೇರೆ, ಸಮಪಾಲು ಬೇರೆ. ಒಂದೇ ಕೊಠಡಿಯಲ್ಲಿ ಕುಳಿತು ಎಲ್ಲವನ್ನೂ ಹಂಚಿಕೊಂಡವರಿಗೆ ಕೆಲಸದ ಫಲದಲ್ಲಿ ತಕ್ಕ ಪಾಲು ದೊರೆಯಿತೆ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಎರಡನೆಯದಕ್ಕೂ ಉತ್ತರವೆಂದು ಭಾವಿಸಿರುವುದು ಈ ಬಗೆಯ ಚರಿತ್ರೆಯ ಮುಖ್ಯ ದೋಷವೆಂದು ತೋರಿಸುವುದೇ ನಮ್ಮ ಉದ್ದೇಶ.

೨

ಸ್ಪೆಮಾನರು (೧೮೬೯–೧೯೪೧) ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ೧೯೧೯ರಿಂದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೧೯೨೦ರ ಸುಮಾರಿನಲ್ಲಿ ಅವರ ಬಳಿಗೆ ಬಂದ ವಿದ್ಯಾರ್ಥಿಗಳಲ್ಲಿ ಮೂವರು ಮುಂದೆ ಪ್ರಸಿದ್ಧರಾದರು: ವಿಕ್ಟರ್ ಹ್ಯಾಂಬರ್ಗರ್, ಯೊಹಾನೆಸ್ ಹೋಲ್ಟ್‌ಫ್ರೆಟರ್ ಮತ್ತು ಹಿಲ್ಡೆ ಪ್ರೋಷೋಲ್ಟ್. ಹಿಲ್ಡೆಯವರು ೧೮೯೮ರಲ್ಲಿ ಗೋಥಾ ಎಂಬ ಊರಿನಲ್ಲಿ ಹುಟ್ಟಿದವರು. ಫ್ರಾಂಕ್‌ಫರ್ಟಿನಲ್ಲಿ ಓದುತ್ತಿದ್ದಾಗ ಸ್ಪೆಮಾನರ ಉಪನ್ಯಾಸವನ್ನು ಕೇಳಿ, ಅದರಿಂದ ಪ್ರೇರಿತರಾಗಿ ಫ್ರೈಬುರ್ಗಿಗೆ ಬಂದರು. ೧೯೨೧ರಲ್ಲಿ ಸ್ಪೆಮಾನರ ಮುಖ್ಯ ಸಹಾಯಕರಾಗಿದ್ದ ಒಟ್ಟೊ ಮ್ಯಾಂಗೋಲ್ಡ್ ಅವರನ್ನು ವಿವಾಹವಾದರು.

ಆಕೆಗೆ ಮೊದಲು ಕೊಟ್ಟ ವಿಷಯ ಸಫಲವಾಗಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಟ್ರೆಂಬ್ಲೆ ಎಂಬ ಪ್ರಕೃತಿಶಾಸ್ತ್ರಜ್ಞರು ಹೈಡ್ರವೆಂಬ ಸಣ್ಣ ನೀರುಜೀವಿಯನ್ನು ಒಳಹೊರಗಾಗಿ ತಿರುವಿ ಮಾಡಿದ್ದ ಪ್ರಯೋಗವನ್ನು ಮತ್ತೆ ಮಾಡಿನೋಡಬೇಕಾಗಿತ್ತು, ಅದು ಕೈಗೂಡಲಿಲ್ಲ. ಆಗ ಸ್ಪೆಮಾನರು ಬೇರೊಂದು ವಿಷಯವನ್ನು ಕೊಟ್ಟರು. ನ್ಯೂಟ್ ಎಂಬ ಬಾಲವುಳ್ಳ ಉಭಯಚರ ಪ್ರಾಣಿಯಲ್ಲಿ ಎರಡು ಜಾತಿಗಳುಂಟು; ಒಂದರ ಭ್ರೂಣಕ್ಕೆ ಬಣ್ಣವಿದೆ, ಇನ್ನೊಂದರದು ಬಹುಮಟ್ಟಿಗೆ ಬಣ್ಣವಿಲ್ಲದುದು. ಬಣ್ಣವಿಲ್ಲದ ಭ್ರೂಣದ ಆದಿರಂಧ್ರದ ಮೇಲ್ತುಟಿಯಿಂದ ಚಿಕ್ಕ ತುಂಡೊಂದನ್ನು ತೆಗೆದು ಬಣ್ಣದ ಭ್ರೂಣದಲ್ಲಿ ಬೇರೊಂದು ಕಡೆ ಕಸಿಮಾಡಬೇಕು. ಹಾಗೆ ಮಾಡಿದಾಗ ಆ ಸ್ಥಳದಲ್ಲಿ ಎರಡನೆಯ ಭ್ರೂಣವೊಂದು ಮೂಡಿತು. ಬಣ್ಣದ ವ್ಯತ್ಯಾಸದಿಂದ ಅದರ ದೇಹದ ಬಹುಭಾಗ ಕಸಿಯ ತುಂಡಿನಿಂದಲ್ಲದೆ ಆಶ್ರಯ ಕೊಟ್ಟ ಭ್ರೂಣದ ಕೋಶಗಳಿಂದಲೇ ರಚಿತವಾಗಿದೆಯೆಂದು ತಿಳಿಯಿತು. ಹೊರಗಿನಿಂದ ಬಂದ ಆ ತುಂಡು ತನ್ನ ಸುತ್ತಲಿನ ಕೋಶಗಳನ್ನು ಸೇರಿಸಿಕೊಂಡು ಹೊಸ ದೇಹವನ್ನು ಕಟ್ಟಿಸಿತ್ತು. ಇದಕ್ಕೆ 'ಸಂಘಟಕ'ವೆಂಬ ಹೆಸರು ಬಂದಿತು. ಇಪ್ಪತ್ತನೆಯ ಶತಮಾನದ ಭ್ರೂಣಶಾಸ್ತ್ರದಲ್ಲಿ ಇದಕ್ಕಿಂತ ಪ್ರಸಿದ್ಧವಾದ ಪ್ರಯೋಗ ಇನ್ನೊಂದಿಲ್ಲ.

ಈ ಕೆಲಸದ ಕಷ್ಟವನ್ನು ಹ್ಯಾಂಬರ್ಗರ್ ಅವರು ವಿವರಿಸುವ ಭಾಗ ಗ್ರಂಥದ ಬೆಲೆಯನ್ನು ಹೆಚ್ಚಿಸಿದೆ. ನ್ಯೂಟ್ ಮೊಟ್ಟೆಯಿಡುವುದು ವಸಂತಕಾಲದಲ್ಲಿ ಮಾತ್ರ. ಆ ಕೆಲವೇ ವಾರಗಳು ಕಳೆದರೆ ಮತ್ತೆ ಒಂದು ವರ್ಷ ಕಾಯಬೇಕು. ಉಪಕರಣಗಳೆಂದರೆ ಕಾಯಿಸಿ ಎಳೆದು ಚೂಪುಮಾಡಿದ ಗಾಜಿನ ಸೂಜಿ ಮತ್ತು ಹಸುಗೂಸಿನ ಕೂದಲಿನಿಂದ ಮಾಡಿದ ಕುಣಿಕೆ. ಸೋಂಕನ್ನು ತಡೆಯುವ ಔಷಧಗಳು ಆಗ ಇರಲಿಲ್ಲವಾದುದರಿಂದ ಕಸಿಮಾಡಿದ ಭ್ರೂಣಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವು. ಹಿಲ್ಡೆಯವರು ೧೯೨೧ ಮತ್ತು ೧೯೨೨ರ ಎರಡು ವಸಂತಗಳಲ್ಲಿ ನಡೆಸಿದ ಕಸಿಗಳಲ್ಲಿ ವಿಸ್ತಾರವಾಗಿ ವರ್ಣಿಸಲು ಯೋಗ್ಯವಾಗಿ ಉಳಿದವು ಬೆರಳೆಣಿಕೆಯಷ್ಟು. ಪ್ರಯೋಗವನ್ನು ಯೋಚಿಸಿದವರು ಗುರು. ಕೈಯಲ್ಲಿ ಸೂಜಿ ಹಿಡಿದವರು ಶಿಷ್ಯೆ.

ಇದರ ಫಲವಾದ ಪ್ರಬಂಧ ೧೯೨೪ರಲ್ಲಿ ಪ್ರಕಟವಾಯಿತು. ಅದು ಹಿಲ್ಡೆಯವರ ಡಾಕ್ಟರೇಟ್ ಪ್ರಬಂಧವೇ. ಶೀರ್ಷಿಕೆಯ ಕೆಳಗೆ ಇರುವ ಹೆಸರುಗಳು ಎರಡು: ಮೊದಲು ಸ್ಪೆಮಾನ್, ಆಮೇಲೆ ಹಿಲ್ಡೆ ಮ್ಯಾಂಗೋಲ್ಡ್. ಅಕ್ಷರಾನುಕ್ರಮವನ್ನು ಅನುಸರಿಸಿದ್ದರೆ ಮ್ಯಾಂಗೋಲ್ಡ್ ಎಂಬ ಹೆಸರು ಮೊದಲು ಬರಬೇಕಾಗಿತ್ತೆಂಬುದನ್ನು ಗಮನಿಸಬೇಕು. ಹ್ಯಾಂಬರ್ಗರ್ ಮತ್ತು ಹೋಲ್ಟ್‌ಫ್ರೆಟರ್ ಅವರ ಡಾಕ್ಟರೇಟ್ ಪ್ರಬಂಧಗಳು ಅವರವರ ಹೆಸರಿನಲ್ಲಿ ಮಾತ್ರ ಪ್ರಕಟವಾದವು. ತಮ್ಮ ಪ್ರಬಂಧಕ್ಕೆ ಗುರುಗಳು ತಮ್ಮ ಹೆಸರನ್ನು, ಅದೂ ಮೊದಲ ಸ್ಥಾನದಲ್ಲಿ, ಸೇರಿಸಿದುದು ಹಿಲ್ಡೆಯವರಿಗೆ ಸಮಾಧಾನ ತರಲಿಲ್ಲವೆಂದು ಹ್ಯಾಂಬರ್ಗರ್ ಅವರು ತಿಳಿಸುತ್ತಾರೆ. ಅದೇ ವರ್ಷ ಆಕೆ ಪತಿಯೊಡನೆ ಬರ್ಲಿನ್ನಿಗೆ ಹೋದರು; ಕೈಯಲ್ಲಿ ಎಳೆಯ ಮಗುವಿತ್ತು. ಸೆಪ್ಟೆಂಬರ್ ತಿಂಗಳಲ್ಲಿ ಅಡುಗೆಮನೆಯ ಒಲೆ ಸಿಡಿದು ಸುಟ್ಟಗಾಯಗಳಿಂದ ತೀರಿಕೊಂಡಾಗ ಆಕೆಗೆ ಇನ್ನೂ ಇಪ್ಪತ್ತಾರು ತುಂಬಿರಲಿಲ್ಲ. ಉಳಿದ ಪ್ರಯೋಗಗಳ ವರದಿ ೧೯೨೯ರಲ್ಲಿ ಆಕೆಯ ಹೆಸರಿನಲ್ಲಿ ಹೊರಬಂದಿತು. ಸಂಘಟಕದ ಶೋಧಕ್ಕಾಗಿ ಸ್ಪೆಮಾನರಿಗೆ ನೊಬೆಲ್ ಪಾರಿತೋಷಕ ದೊರೆತುದು ೧೯೩೫ರಲ್ಲಿ.

ಇಲ್ಲಿ ಚರಿತ್ರೆಯ ವಿಮರ್ಶಕನು ಎರಡು ವಿಷಯಗಳನ್ನು ತೂಗಿನೋಡಬೇಕಾಗುತ್ತದೆ. ಮೊದಲನೆಯದು, ಗುರುವಿನ ಪಕ್ಷದಲ್ಲಿ ಹೇಳಬಹುದಾದ ಮಾತು. ಆದಿರಂಧ್ರದ ತುಟಿಯ ವಿಶೇಷ ಶಕ್ತಿಯನ್ನು ಸ್ಪೆಮಾನರು ಅದಕ್ಕೆ ಮೊದಲೇ, ೧೯೧೮ರ ತಮ್ಮ ಕಸಿಗಳಲ್ಲಿ ಗುರುತಿಸಿದ್ದರು. ಎರಡು ಜಾತಿಗಳನ್ನು ಬಳಸುವ ವಿಧಾನವೂ ಅವರದೇ. ಪ್ರಬಂಧದ ತಾತ್ತ್ವಿಕ ಭಾಗದಲ್ಲಿ ಅವರ ಬುದ್ಧಿ ಸ್ಪಷ್ಟವಾಗಿ ಕಾಣುತ್ತದೆ. ಹೀಗಿರುವಾಗ ಅವರ ಹೆಸರು ಇರಲೇಬಾರದಾಗಿತ್ತೆಂದು ವಾದಿಸುವುದು ನ್ಯಾಯವಲ್ಲ. ಪ್ರಶ್ನೆಯಿರುವುದು ಒಂದೇ ಶಾಲೆಯ ಮೂವರು ಶಿಷ್ಯರಿಗೆ ಎರಡು ನಿಯಮಗಳು ಏಕೆಂಬುದರಲ್ಲಿ. ಫಲ ಸಾಮಾನ್ಯವಾಗಿದ್ದಾಗ ಶಿಷ್ಯರಿಗೆ ಪೂರ್ಣಸ್ವಾತಂತ್ರ್ಯ, ಅಸಾಮಾನ್ಯವಾದಾಗ ಗುರುವಿಗೆ ಅಗ್ರಸ್ಥಾನ ಎಂಬ ರೂಢಿ ಅಲ್ಲಿ ಕಾಣುತ್ತದೆ. ಔದಾರ್ಯಕ್ಕೆ ಹೆಸರಾದ ಶಾಲೆಯ ಔದಾರ್ಯದ ಎಲ್ಲೆ ಇದರಿಂದ ಗೊತ್ತಾಗುತ್ತದೆ.

ಎರಡನೆಯದು ಸಾಕ್ಷಿಯ ಸ್ಥಿತಿ. ಹಿಲ್ಡೆಯವರ ಅಸಮಾಧಾನಕ್ಕೆ ನಾವು ಅವಲಂಬಿಸುವ ಮುಖ್ಯ ಸಾಕ್ಷಿ ಹ್ಯಾಂಬರ್ಗರ್ ಒಬ್ಬರೇ. ಅದೂ ಅರುವತ್ತು ವರ್ಷಗಳ ಅನಂತರ ಬರೆದುದು. ಆ ಸಾಕ್ಷಿಯೂ ಕೀರ್ತಿಯ ಹಂಚಿಕೆಯಲ್ಲಿ ನೊಂದವರೇ. ೧೯೩೨ರಲ್ಲಿ ರಾಕ್‌ಫೆಲರ್ ವೇತನದ ಮೇಲೆ ಷಿಕಾಗೋಗೆ ಹೋಗಿದ್ದ ಅವರನ್ನು ೧೯೩೩ರಲ್ಲಿ ಯಹೂದಿಯೆಂಬ ಕಾರಣದಿಂದ ಫ್ರೈಬುರ್ಗಿನ ಹುದ್ದೆಯಿಂದ ತೆಗೆದುಹಾಕಲಾಯಿತು. ಅವರು ಅಮೆರಿಕದಲ್ಲಿಯೇ ನೆಲೆಸಿ, ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಶಾಲೆಯನ್ನು ಕಟ್ಟಿದರು. ೧೯೪೭ರಲ್ಲಿ ಅಲ್ಲಿಗೆ ರೀಟಾ ಲೆವಿ-ಮೊಂಟಾಲ್ಚಿನಿಯವರನ್ನು ಬರಮಾಡಿಕೊಂಡವರೂ ಅವರೇ. ಅಲ್ಲಿ ಆರಂಭವಾದ ನರಗಳ ಬೆಳವಣಿಗೆಯ ಸಂಶೋಧನೆಗೆ ೧೯೮೬ರಲ್ಲಿ ಪಾರಿತೋಷಕ ಬಂದಾಗ ಅದು ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ ಸಂದಿತು. ಹ್ಯಾಂಬರ್ಗರ್ ಅವರಿಗೆ ಸಲ್ಲಲಿಲ್ಲ. ೧೯೮೮ರ ಗ್ರಂಥವನ್ನು ಓದುವಾಗ, ಹಿಲ್ಡೆಯವರ ಕಥೆಯಲ್ಲಿ ಗ್ರಂಥಕರ್ತರು ತಮ್ಮ ನೋವನ್ನೇ ಕಂಡರೆ ಎಂಬ ಸಂಶಯ ಬರುವುದು ಸಹಜ. ಆದರೆ ಈ ಸಂಶಯ ನಿಲ್ಲುವುದಿಲ್ಲ. ಹಿಲ್ಡೆಯವರನ್ನು ಸಂಘಟಕದ ಸಹಶೋಧಕಿಯೆಂದು ಶೀರ್ಷಿಕೆಯಲ್ಲಿಯೇ ಕರೆದ ಲೇಖನವನ್ನು ಅವರು ೧೯೮೪ರಲ್ಲಿ, ಎಂದರೆ ಆ ಪಾರಿತೋಷಕದ ಪ್ರಸ್ತಾಪವೇ ಇಲ್ಲದ ಕಾಲದಲ್ಲಿ, ಪ್ರಕಟಿಸಿದ್ದರು. ಅಲ್ಲದೆ ಅವರ ಗ್ರಂಥದ ಒಟ್ಟು ಧಾಟಿ ಗುರುಭಕ್ತಿಯದು. ಭಕ್ತನಾದ ಶಿಷ್ಯನೇ ಗುರುವಿನ ವಿಷಯದಲ್ಲಿ ಹೇಳಿದ ಒಂದು ಅಪ್ರಿಯ ಮಾತಿಗೆ ಹೆಚ್ಚಿನ ಪ್ರಾಮಾಣ್ಯವುಂಟು.

ಗ್ರಂಥದ ಕೊರತೆಯೂ ಇದೇ ಭಕ್ತಿಯಿಂದ ಬಂದುದು. ಆ ಸಹಪಾಠಿಗಳ ಕೂಟ ೧೯೩೩ರ ಅನಂತರ ಒಡೆದುಹೋಯಿತು. ಹೋಲ್ಟ್‌ಫ್ರೆಟರ್ ಅವರು ೧೯೩೯ರಲ್ಲಿ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಹೋಗಿ, ಯುದ್ಧಕಾಲದಲ್ಲಿ ಶತ್ರುದೇಶದವರೆಂದು ಕೆನಡದ ಶಿಬಿರದಲ್ಲಿ ಸೆರೆಯಾಗಬೇಕಾಯಿತು. ನಾತ್ಸಿ ಪಕ್ಷವನ್ನು ಸೇರಿದ ಒಟ್ಟೊ ಮ್ಯಾಂಗೋಲ್ಡ್ ಅವರು ೧೯೩೭ರಲ್ಲಿ ಸ್ಪೆಮಾನರ ಪೀಠವನ್ನೇರಿದರು. ಒಂದೇ ಮೇಜಿನ ಸುತ್ತ ಕುಳಿತವರು ಇಷ್ಟು ದೂರ ಸರಿದುದರ ಬೀಜ ಆ ಮೇಜಿನಲ್ಲಿಯೇ ಇತ್ತೆ ಎಂಬ ಪ್ರಶ್ನೆಯನ್ನು ಹ್ಯಾಂಬರ್ಗರ್ ಅವರು ಎದುರಿಸುವುದಿಲ್ಲ. ಅವರಿಗೆ ಫ್ರೈಬುರ್ಗ್ ಕಳೆದುಹೋದ ತವರು. ತವರನ್ನು ಕುರಿತು ಬರೆಯುವವರಿಗೆ ಆ ಪ್ರಶ್ನೆ ಕಷ್ಟವಾದುದು.

೩

ಕೋಲರ್ ಅವರ ಗ್ರಂಥ ಬೇರೊಂದು ಜಾತಿಯದು. ಅವರು ವೃತ್ತಿಯಿಂದ ಚರಿತ್ರಕಾರರು; ಪತ್ರಗಳು, ಕಡತಗಳು ಅವರ ಆಧಾರ. ಅವರು ಚಿತ್ರಿಸುವುದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಟಾಮಸ್ ಹಂಟ್ ಮಾರ್ಗನ್ ಅವರ ಸುತ್ತ ೧೯೧೦ರ ಅನಂತರ ಬೆಳೆದ ಗುಂಪನ್ನು. ಇದು ತಳಿಶಾಸ್ತ್ರದ ಚರಿತ್ರೆಯೆಂದು ಪ್ರಸಿದ್ಧ. ಆದರೆ ಮಾರ್ಗನರು ಮೂಲತಃ ಭ್ರೂಣಶಾಸ್ತ್ರಜ್ಞರು. ಅಲ್ಲದೆ ಹಣ್ಣುನೊಣದ ಬೆಳವಣಿಗೆಯನ್ನು ಕುರಿತು ಮುಂದೆ ನಡೆದ ಸಂಶೋಧನೆಯ ಪದ್ಧತಿಗಳೂ ಸಂಪ್ರದಾಯಗಳೂ ಈ ಕೊಠಡಿಯಿಂದಲೇ ಬಂದವು. ಆದುದರಿಂದ ನಮ್ಮ ವಿಷಯಕ್ಕೆ ಇದು ಹೊರಗಿನದಲ್ಲ.

'ನೊಣದ ಕೊಠಡಿ'ಯೆಂದು ಹೆಸರಾದ ಆ ಸ್ಥಳ ಚಿಕ್ಕದು. ಅದರಲ್ಲಿ ಎಂಟು ಮೇಜುಗಳು, ಸಾಲುಸಾಲಾಗಿ ಹಾಲಿನ ಬಾಟಲಿಗಳು, ಅವುಗಳಲ್ಲಿ ನೊಣಗಳು, ಎಲ್ಲೆಲ್ಲೂ ಬಾಳೆಹಣ್ಣಿನ ವಾಸನೆ. ಅಲ್ಲಿ ಕೆಲಸಮಾಡಿದ ಆಲ್‌ಫ್ರೆಡ್ ಸ್ಟರ್ಟೆವಂಟ್ ಅವರು ೧೯೧೧ರಲ್ಲಿ, ಇನ್ನೂ ಪದವೀಧರರಾಗುವುದಕ್ಕೆ ಮೊದಲೇ, ಕ್ರೋಮೊಸೋಮಿನ ಮೇಲೆ ಜೀನ್‌ಗಳ ಸ್ಥಾನವನ್ನು ತೋರಿಸುವ ಮೊದಲ ನಕ್ಷೆಯನ್ನು ರಚಿಸಿದರು. ೧೯೧೩ರಲ್ಲಿ ಅದು ಅವರ ಹೆಸರಿನಲ್ಲಿಯೇ ಪ್ರಕಟವಾಯಿತು. ಕ್ಯಾಲ್ವಿನ್ ಬ್ರಿಜಸ್ ಅವರು ಬಾಟಲಿಗಳನ್ನು ತೊಳೆಯುವ ಕೆಲಸಕ್ಕೆ ಬಂದವರು. ತೊಳೆಯುವ ಮೊದಲು ಗಾಜಿನ ಮೂಲಕವೇ ಬೇರೆ ಬಣ್ಣದ ಕಣ್ಣಿನ ನೊಣವನ್ನು ಗುರುತಿಸಿ ಸಂಶೋಧಕರಾದರು. ೧೯೧೫ರಲ್ಲಿ ಪ್ರಕಟವಾದ ಗುಂಪಿನ ಮಹಾಗ್ರಂಥದ ಮೇಲೆ ಮಾರ್ಗನ್, ಸ್ಟರ್ಟೆವಂಟ್, ಮುಲ್ಲರ್, ಬ್ರಿಜಸ್ ನಾಲ್ವರ ಹೆಸರುಗಳೂ ಇವೆ. ೧೯೩೩ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಮಾರ್ಗನರು ಅದರ ಹಣವನ್ನು ತಮ್ಮ ಮಕ್ಕಳ ಜೊತೆಗೆ ಸ್ಟರ್ಟೆವಂಟ್ ಮತ್ತು ಬ್ರಿಜಸ್ ಅವರ ಮಕ್ಕಳಿಗೂ ಹಂಚಿದರು.

ಈ ಸಂಗತಿಗಳು ತಿಳಿದವೇ. ಕೋಲರ್ ಅವರ ವಿಶೇಷತೆಯಿರುವುದು ಇವುಗಳಿಗೆ ಅವರು ಕೊಡುವ ಕಾರಣದಲ್ಲಿ. ಹಣ್ಣುನೊಣ ಸುಮಾರು ಹತ್ತು ದಿನಗಳಲ್ಲಿ ಒಂದು ತಲೆಮಾರನ್ನು ಮುಗಿಸುತ್ತದೆ, ವರ್ಷವಿಡೀ ಸಾಕಬಹುದು, ಒಂದು ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಹತ್ತು ಹೊಸ ಪ್ರಶ್ನೆಗಳನ್ನು ಹುಟ್ಟಿಸುತ್ತದೆ. ಯಾವ ಗುಂಪಿಗೂ ತನ್ನ ಕೈಯಲ್ಲಿದ್ದ ಕೆಲಸವನ್ನೆಲ್ಲ ತಾನೇ ಮುಗಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ತಳಿಗಳನ್ನು ಕೇಳಿದವರಿಗೆ ಬೆಲೆಯಿಲ್ಲದೆ ಕಳುಹಿಸುವ ರೂಢಿ ಬೆಳೆಯಿತು. ೧೯೩೪ರಿಂದ ಹೊರಡತೊಡಗಿದ ನೊಣಸಂಶೋಧಕರ ಸುದ್ದಿಪತ್ರಿಕೆ ಈ ರೂಢಿಯನ್ನು ಇನ್ನಷ್ಟು ಹರಡಿತು. ಇ. ಪಿ. ಥಾಂಪ್ಸನ್ ಎಂಬ ಆಂಗ್ಲ ಚರಿತ್ರಕಾರರು ಬಡವರ ದವಸದ ದಂಗೆಗಳನ್ನು ವಿವರಿಸಲು ಬಳಸಿದ 'ನೈತಿಕ ಅರ್ಥವ್ಯವಸ್ಥೆ' ಎಂಬ ಪರಿಭಾಷೆಯನ್ನು ಕೋಲರ್ ಅವರು ಇಲ್ಲಿ ಬಳಸುತ್ತಾರೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಗ್ರಂಥದ ಈ ಭಾಗ ಬಹಳ ಉಪಯುಕ್ತವಾದುದು. ಫ್ರೈಬುರ್ಗಿನ ಜೊತೆಗೆ ಇಟ್ಟು ನೋಡಿದರೆ ಇದರ ಬೆಲೆ ಇನ್ನೂ ಹೆಚ್ಚುತ್ತದೆ. ವರ್ಷಕ್ಕೊಮ್ಮೆ ಕೆಲವೇ ವಾರ ದೊರೆಯುವ ನ್ಯೂಟಿನ ಭ್ರೂಣ ಒಬ್ಬಂಟಿ ಕೈಗೆಲಸವನ್ನು ಬೇಡುತ್ತದೆ. ಸಮೃದ್ಧವಾದ ನೊಣ ಗುಂಪನ್ನು ಬೆಳೆಸುತ್ತದೆ. ಪ್ರಾಣಿಯ ಸ್ವಭಾವಕ್ಕೂ ಸಂಶೋಧಕರ ಸಮುದಾಯದ ಸ್ವಭಾವಕ್ಕೂ ಹೀಗೆ ಸಂಬಂಧವುಂಟೆಂಬುದನ್ನು ಒಪ್ಪಬೇಕು.

ಆದರೆ ಸಮೃದ್ಧಿ ವಿವರಿಸುವುದು ಹಂಚಿಕೆಯನ್ನು ಮಾತ್ರ. ಅದೇ ಕೊಠಡಿಯಲ್ಲಿದ್ದ ಹರ್ಮನ್ ಮುಲ್ಲರ್ ಅವರು ತಮ್ಮ ವಿಚಾರಗಳಿಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂದು ಕೊನೆಯವರೆಗೂ ಭಾವಿಸಿದ್ದರು. ವಿಚಾರ ಎಲ್ಲರದು ಎಂಬ ಕೊಠಡಿಯಲ್ಲಿ ಕೈಯಿಂದ ಹೆಚ್ಚು ದುಡಿದವನಿಗೆ ಲಾಭ, ಬಾಯಲ್ಲಿ ವಿಚಾರವನ್ನು ಹೇಳಿದವನಿಗೆ ನಷ್ಟ ಎಂಬುದು ಅವರ ದೂರಿನ ಸಾರ. ಮಾರ್ಗನರ ಪತ್ನಿ ಲಿಲಿಯನ್ ಮಾರ್ಗನ್ ಅವರ ಸ್ಥಿತಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಆಕೆಯೂ ಭ್ರೂಣಶಾಸ್ತ್ರದಲ್ಲಿ ತರಬೇತು ಪಡೆದವರೇ. ಒಂದಕ್ಕೊಂದು ಅಂಟಿಕೊಂಡ ಎಕ್ಸ್ ಕ್ರೋಮೊಸೋಮುಗಳನ್ನು ಕಂಡುಹಿಡಿದು ೧೯೨೨ರಲ್ಲಿ ಪ್ರಕಟಿಸಿದ ಅವರಿಗೆ ಕೊಠಡಿಯಲ್ಲಿ ಸ್ಥಳ ಕೊಡಲಾಗಿತ್ತು, ನೊಣಗಳನ್ನು ಕೊಡಲಾಗಿತ್ತು. ಹುದ್ದೆಯನ್ನು ಮಾತ್ರ ಕೊಡಲಿಲ್ಲ. ಅವರಿಗೆ ಮೊದಲ ಅಧಿಕೃತ ನೇಮಕ ದೊರೆತುದು ಪತಿ ತೀರಿಕೊಂಡ ಅನಂತರ, ೧೯೪೬ರಲ್ಲಿ. ಆಗ ಅವರ ವಯಸ್ಸು ಎಪ್ಪತ್ತೈದನ್ನು ಮೀರಿತ್ತು. ನೈತಿಕ ಅರ್ಥವ್ಯವಸ್ಥೆಯೆಂಬ ಪರಿಭಾಷೆ ಈ ಎರಡು ಸಂಗತಿಗಳನ್ನು ತನ್ನೊಳಗೆ ಅಡಗಿಸಿಕೊಂಡುಬಿಡುತ್ತದೆ. ಥಾಂಪ್ಸನ್ನರ ಬಡವರು ದಂಗೆಯೆದ್ದುದು ದವಸ ಇರಲಿಲ್ಲವೆಂದಲ್ಲ, ಅದರ ಬೆಲೆ ನ್ಯಾಯವಾಗಿರಲಿಲ್ಲವೆಂದು. ಆ ಪರಿಭಾಷೆಯನ್ನು ಎರವಲು ತಂದ ಕೋಲರ್ ಅವರು ಅದರ ಈ ಮೊನೆಯನ್ನು ಸ್ವಲ್ಪ ಮೊಂಡಾಗಿಸಿದ್ದಾರೆಂದು ಹೇಳದೆ ವಿಧಿಯಿಲ್ಲ.

೪

ಮೂರನೆಯ ಗ್ರಂಥದ ಮುಖ್ಯ ವಿಷಯ ಮಾನವ ಜೀನೋಮಿನ ವಾಚನವಾದುದರಿಂದ ನಮಗೆ ಸಂಬಂಧಿಸಿದುದು ಅದರ ಮೊದಲ ಭಾಗ ಮಾತ್ರ. ಇದನ್ನು ಸಂಕ್ಷೇಪವಾಗಿ ನೋಡಬಹುದು. ಕೇಂಬ್ರಿಜ್ಜಿನ ಅಣುಜೀವವಿಜ್ಞಾನದ ಪ್ರಯೋಗಶಾಲೆಯಲ್ಲಿ ಸಿಡ್ನಿ ಬ್ರೆನರ್ ಅವರು ಮಿಲಿಮೀಟರಿನಷ್ಟು ಉದ್ದದ ಒಂದು ದುಂಡುಹುಳುವನ್ನು ಆರಿಸಿಕೊಂಡರು. ಅದರ ವಯಸ್ಕ ದೇಹದಲ್ಲಿ ಇರುವ ಕೋಶಗಳು ೯೫೯, ಬೀಜಕೋಶಗಳನ್ನು ಬಿಟ್ಟು. ಅವುಗಳಲ್ಲಿ ನರಕೋಶಗಳು ೩೦೨. ೧೯೬೯ರಲ್ಲಿ ಬ್ರೆನರ್ ಅವರ ಗುಂಪನ್ನು ಸೇರಿದ ಸಲ್‌ಸ್ಟನ್ ಅವರು ಪ್ರತಿ ಕೋಶವೂ ಯಾವ ಕೋಶದಿಂದ ಒಡೆದು ಬಂದಿತೆಂಬ ವಂಶವೃಕ್ಷವನ್ನು ಕಣ್ಣಿನಿಂದಲೇ ನೋಡಿ ಬರೆದರು. ಮೊಟ್ಟೆಯೊಳಗಿನ ಭಾಗಕ್ಕಾಗಿ ಸುಮಾರು ಒಂದೂವರೆ ವರ್ಷ, ದಿನಕ್ಕೆ ಎರಡು ಸಲ ನಾಲ್ಕು ನಾಲ್ಕು ಗಂಟೆ, ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು. ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಇದೇ ಕೆಲಸ ಬೇರೆಯಾಗಿ ನಡೆದಿತ್ತು. ಸ್ಪರ್ಧೆಯಾಗಬಹುದಾಗಿದ್ದುದು ಸಹಕಾರವಾಯಿತು: ೧೯೮೩ರ ಪ್ರಬಂಧದಲ್ಲಿ ಗ್ಯೋಟಿಂಗೆನ್ನಿನ ಷೀರೆನ್‌ಬರ್ಗ್ ಅವರ ಹೆಸರು ಎರಡನೆಯದಾಗಿದೆ.

ಹುಳುವಿನ ಸಂಶೋಧಕರು ೧೯೭೫ರಿಂದ ಹೊರಡಿಸಿದ 'ವರ್ಮ್ ಬ್ರೀಡರ್ಸ್ ಗೆಜೆಟ್' ಎಂಬ ಪತ್ರಿಕೆ ಗಮನಾರ್ಹವಾದುದು. ಇನ್ನೂ ಪ್ರಕಟವಾಗದ ಫಲಿತಾಂಶಗಳನ್ನು ಅದರಲ್ಲಿ ಎಲ್ಲರಿಗೂ ತಿಳಿಸಬಹುದಾಗಿತ್ತು. ಆದರೆ ಬರೆದವರ ಅನುಮತಿಯಿಲ್ಲದೆ ಅವನ್ನು ಯಾರೂ ಉದ್ಧರಿಸಕೂಡದು. ಹಂಚಿಕೆಯ ಜೊತೆಗೆ ಹಕ್ಕಿನ ರಕ್ಷಣೆಯನ್ನೂ ನಿಯಮವಾಗಿ ಬರೆದಿಟ್ಟುದು ನೊಣದ ಕೊಠಡಿಯ ಬಾಯಿಮಾತಿನ ರೂಢಿಗಿಂತ ಒಂದು ಹೆಜ್ಜೆ ಮುಂದೆ. ಸಲ್‌ಸ್ಟನ್ ಅವರ ಗ್ರಂಥ ಈ ಸಮುದಾಯದ ಸೌಹಾರ್ದವನ್ನು ಹೃದ್ಯವಾಗಿ ಚಿತ್ರಿಸುತ್ತದೆ. ಆದರೆ ಗೆದ್ದವರು ಬರೆದ ಸೌಹಾರ್ದದ ಚಿತ್ರವೆಂಬುದನ್ನು ಓದುಗರು ಮರೆಯಬಾರದು. ಕೆಲವು ವರ್ಷ ಹುಳುವಿನ ಬಳಿ ಇದ್ದು, ಹುದ್ದೆ ದೊರೆಯದೆ ಶಾಸ್ತ್ರವನ್ನೇ ಬಿಟ್ಟುಹೋದವರ ಅನುಭವಕ್ಕೆ ಇಂಥ ಆತ್ಮಕಥನದಲ್ಲಿ ಸ್ಥಳವಿರುವುದಿಲ್ಲ. ಅದನ್ನು ಬೇರೆ ಆಧಾರಗಳಿಂದ ಹುಡುಕಬೇಕು.

೫

ಈವರೆಗೆ ನೋಡಿದ ಗ್ರಂಥಗಳ ಮಾತನ್ನು ಪರೀಕ್ಷಿಸಲು ಒಂದು ಸರಳ ಸಾಧನವುಂಟು: ಪ್ರಬಂಧಗಳ ಶೀರ್ಷಿಕೆ ಪುಟ. ಶಾಸನಗಳನ್ನು ಓದುವವರು ದಾನ ಕೊಟ್ಟ ರಾಜನ ಹೆಸರಿನ ಜೊತೆಗೆ ಬರೆದವನ, ಕಂಡರಿಸಿದವನ ಹೆಸರುಗಳನ್ನೂ ಗುರುತಿಸುವಂತೆ ಇಲ್ಲಿಯೂ ಮಾಡಬೇಕು.

ಹೈಡೆಲ್‌ಬರ್ಗಿನ ಯೂರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಶಾಲೆಗೆ ೧೯೭೮ರಲ್ಲಿ ಇಬ್ಬರು ಕಿರಿಯರು ಬಂದರು: ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಷಾಸ್. ಇಬ್ಬರಿಗೂ ಸೇರಿ ಒಂದು ಚಿಕ್ಕ ಪ್ರಯೋಗಶಾಲೆ, ಒಬ್ಬ ಸಹಾಯಕಿ. ನೊಣದ ಭ್ರೂಣದ ರೂಪವನ್ನು ನಿಯಂತ್ರಿಸುವ ಜೀನ್‌ಗಳನ್ನೆಲ್ಲ ಹುಡುಕಬೇಕೆಂಬುದು ಅವರ ಸಂಕಲ್ಪ. ಇಬ್ಬರು ಎದುರುಬದುರು ಕುಳಿತು ಒಂದೇ ಭ್ರೂಣವನ್ನು ಒಂದೇ ಕಾಲಕ್ಕೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕವನ್ನು ಬಳಸಿ, ಉತ್ಪರಿವರ್ತನೆಗೊಂಡ ಸಾವಿರಾರು ತಳಿಗಳ ಭ್ರೂಣಗಳನ್ನು ಪರೀಕ್ಷಿಸಿದರು. ೧೯೮೦ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ದೇಹದ ಖಂಡಗಳ ಸಂಖ್ಯೆಯನ್ನೂ ದಿಕ್ಕನ್ನೂ ನಿರ್ಧರಿಸುವ ಹದಿನೈದು ಜೀನ್‌ಗಳನ್ನು ಪ್ರಕಟಿಸಿದರು. ೧೯೯೫ರಲ್ಲಿ ಅವರಿಗೂ, ಸ್ಟರ್ಟೆವಂಟರ ಶಿಷ್ಯರಾದ ಎಡ್ವರ್ಡ್ ಲೂಯಿಸ್ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು.

ನಮಗೆ ಮುಖ್ಯವಾದುದು ೧೯೮೪ರಲ್ಲಿ ಆ ಕೆಲಸದ ಪೂರ್ಣ ವಿವರಗಳನ್ನು ಕೊಟ್ಟ ಮೂರು ಪ್ರಬಂಧಗಳು. ಮೊದಲನೆಯದರಲ್ಲಿ ಮೊದಲ ಹೆಸರು ನ್ಯೂಸ್ಲೈನ್-ಫೋಲ್‌ಹಾರ್ಡ್ ಅವರದು. ಎರಡನೆಯದರಲ್ಲಿ ಆಮೇಲೆ ಬಂದು ಸೇರಿದ ಗೆರ್ಡ್ ಯೂರ್ಗೆನ್ಸ್ ಅವರದು. ಮೂರನೆಯದರಲ್ಲಿ ವೀಷಾಸ್ ಅವರದು. ಸಹಾಯಕಿ ಹಿಲ್ಡೆಗಾರ್ಡ್ ಕ್ಲೂಡಿಂಗ್ ಅವರ ಹೆಸರು ಮೊದಲೆರಡು ಪ್ರಬಂಧಗಳಲ್ಲಿ ಕೃತಜ್ಞತೆಯ ಸಾಲಿನಲ್ಲಿ ಉಳಿಯದೆ ಕರ್ತೃಗಳ ಸಾಲಿನಲ್ಲಿಯೇ ಇದೆ. ಈ ಪ್ರಬಂಧಗಳು ಅಚ್ಚಾದುದು ವಿಲ್‌ಹೆಲ್ಮ್ ರೂ ಅವರು ಸ್ಥಾಪಿಸಿದ ಪತ್ರಿಕೆಯಲ್ಲಿ. ೧೯೨೪ರಲ್ಲಿ ಸ್ಪೆಮಾನ್ ಮತ್ತು ಮ್ಯಾಂಗೋಲ್ಡರ ಪ್ರಬಂಧ ಅಚ್ಚಾದುದೂ, ಅಂದು ಬೇರೊಂದು ಹೆಸರಿನಲ್ಲಿ ಹೊರಡುತ್ತಿದ್ದ ಇದೇ ಪತ್ರಿಕೆಯಲ್ಲಿಯೇ. ಅರುವತ್ತು ವರ್ಷಗಳ ಅಂತರದ ಈ ಎರಡು ಶೀರ್ಷಿಕೆ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ಗ್ರಂಥಗಳಲ್ಲಿ ಎಲ್ಲಿಯೂ ನೇರವಾಗಿ ಹೇಳದ ಒಂದು ಬದಲಾವಣೆ ತಿಳಿಯುತ್ತದೆ. ನೊಣ ಅದೇ ನೊಣ, ಸಮೃದ್ಧಿ ಅದೇ ಸಮೃದ್ಧಿ. ಆದುದರಿಂದ ಪ್ರಾಣಿಯ ಸ್ವಭಾವದಿಂದ ಇದು ಬಂದಿತೆನ್ನುವಂತಿಲ್ಲ. ಅಲ್ಲಿ ಕುಳಿತ ಇಬ್ಬರೂ ಸಮಾನ ಅಧಿಕಾರದವರು. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಒಪ್ಪಿ ಪದವಿ ಕೊಡಬೇಕಾದ ಸಂಬಂಧ ಅವರ ನಡುವೆ ಇರಲಿಲ್ಲ. ಸಮಪಾಲು ಬಂದುದು ಔದಾರ್ಯದಿಂದಲ್ಲ, ಸ್ಥಾನದ ಸಮಾನತೆಯಿಂದ.

ಒಂದು ಸಂಗತಿಯನ್ನು ಇಲ್ಲಿಯೇ ಸೇರಿಸಬಹುದು. ನ್ಯೂಸ್ಲೈನ್-ಫೋಲ್‌ಹಾರ್ಡ್ ಅವರು ೨೦೦೪ರಲ್ಲಿ ತಮ್ಮ ಹೆಸರಿನ ನಿಧಿಯೊಂದನ್ನು ಸ್ಥಾಪಿಸಿದರು. ಮಕ್ಕಳಿರುವ ಕಿರಿಯ ಮಹಿಳಾ ವಿಜ್ಞಾನಿಗಳಿಗೆ ಮನೆಗೆಲಸಕ್ಕೆ ಮತ್ತು ಮಗುವಿನ ಪಾಲನೆಗೆ ಆಳುಗಳನ್ನಿಟ್ಟುಕೊಳ್ಳಲು ಅದರಿಂದ ಹಣ ಕೊಡಲಾಗುತ್ತದೆ. ಬುದ್ಧಿಗೆ ಬಹುಮಾನ ಕೊಡುವ ನಿಧಿಗಳು ಎಷ್ಟೋ ಇವೆ. ಅಡುಗೆಮನೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿದ ನಿಧಿ ಅಪೂರ್ವ. ಬರ್ಲಿನ್ನಿನ ಆ ಅಡುಗೆಮನೆಯನ್ನು ನೆನೆದವರಿಗೆ ಇದರ ಅರ್ಥವನ್ನು ಬಿಡಿಸಿಹೇಳಬೇಕಾಗಿಲ್ಲ.

೬

ಈ ವಿಚಾರ ದೂರದ ದೇಶಗಳಿಗೆ ಮಾತ್ರ ಸೇರಿದುದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣುನೊಣದ ತಳಿಗಳ ಸಂಗ್ರಹವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನೊಣದ ಸ್ನಾಯು ಮತ್ತು ನರಗಳ ಬೆಳವಣಿಗೆಯ ಸಂಶೋಧನೆ ನಡೆದುಬಂದಿದೆ. ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ಹೆಸರು ಬಿ. ಜಿ. ಎಲ್. ಸ್ವಾಮಿಯವರದು. 'ಹಸುರು ಹೊನ್ನು' ಬರೆದ ಸ್ವಾಮಿಯವರು ವೃತ್ತಿಯಲ್ಲಿ ಸಸ್ಯಭ್ರೂಣಶಾಸ್ತ್ರಜ್ಞರಾಗಿದ್ದುದು ಎಲ್ಲರ ನೆನಪಿನಲ್ಲಿಲ್ಲ. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಬಳಿ ಕೆಲಸಮಾಡಿದ ಅವರು, ಸಸ್ಯವೊಂದಕ್ಕೆ ಗುರುಗಳ ಹೆಸರನ್ನಿಟ್ಟು ಸಂಪ್ರದಾಯವನ್ನು ಸಲ್ಲಿಸಿದರು. ಆದರೆ ಅವರ ಕನ್ನಡ ಬರಹದಲ್ಲಿ ಕಾಣುವುದು ಗುರುವಂದನೆಯ ಕ್ರಮವಲ್ಲ. ಕಾಡಿನ ಅಧ್ಯಯನ ಪ್ರವಾಸಗಳಲ್ಲಿ ಜೊತೆಗಿದ್ದ ವಿದ್ಯಾರ್ಥಿಗಳು ಅಲ್ಲಿ ಮಾತನಾಡುತ್ತಾರೆ, ತಪ್ಪುತ್ತಾರೆ, ಅಧ್ಯಾಪಕರನ್ನು ಕೆಣಕುತ್ತಾರೆ. ಅದು ಪ್ರಯೋಗಶಾಲೆಯ ಚರಿತ್ರೆಯಲ್ಲ, ನಿಜ. ಆದರೂ ಕಿರಿಯರಿಗೆ ಮಾತನ್ನು ಕೊಡುವ ವಿಷಯದಲ್ಲಿ ಸಲ್‌ಸ್ಟನ್ ಅವರ ಗ್ರಂಥಕ್ಕಿಂತ ಅದು ಮುಂದಿದೆ.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಪ್ರಯೋಗಕಾರ್ಯದ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, ಅವರಿಗೆ ವಿಭಾಗದ ಮುಖ್ಯಸ್ಥರ ಅಭಿನಂದನಗ್ರಂಥಗಳು ಸುಲಭವಾಗಿ ದೊರೆಯುತ್ತವೆ. ದೊರೆಯುವುದು ಕಷ್ಟವಾದವು ಪ್ರಯೋಗದ ದಿನಚರಿಗಳು, ತಳಿಗಳ ದಾಖಲೆ ಪುಸ್ತಕಗಳು, ಸಂಶೋಧನ ವಿದ್ಯಾರ್ಥಿಗಳ ಪತ್ರಗಳು, ಪದವಿ ಪಡೆಯದೆ ಹೊರಟುಹೋದವರ ನೆನಪುಗಳು. ಇವುಗಳಲ್ಲಿ ಎಷ್ಟೋ ಪ್ರತಿವರ್ಷ ಬೇಸಗೆಯ ರಜದಲ್ಲಿ ಬೀರುಗಳನ್ನು ಖಾಲಿಮಾಡುವಾಗ ರದ್ದಿಗೆ ಹೋಗುತ್ತವೆ. ಚರಿತ್ರೆಯ ವಿಭಾಗಗಳು ಶಾಸನ, ತಾಳೆಯೋಲೆಗಳನ್ನು ಸಂಗ್ರಹಿಸುವ ಶ್ರದ್ಧೆಯಲ್ಲಿ ಒಂದಂಶವನ್ನು ಈ ಕಾಗದಗಳಿಗೂ ಕೊಡುವುದು ಅವಶ್ಯ. ಹಿಲ್ಡೆ ಮ್ಯಾಂಗೋಲ್ಡರ ವಿಷಯದಲ್ಲಿ ಸಹಪಾಠಿಯೊಬ್ಬರು ಶತಾಯುಷಿಗಳಾಗಿ ಬಾಳಿದುದರಿಂದ ನಮಗೆ ಒಂದು ಸಾಕ್ಷಿ ದೊರೆಯಿತು. ಎಲ್ಲರಿಗೂ ಅಂಥ ಸಹಪಾಠಿ ದೊರೆಯುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಹ್ಯಾಂಬರ್ಗರ್ ಅವರ ಗ್ರಂಥ ಸಾಕ್ಷ್ಯಕ್ಕಾಗಿಯೂ, ಕೋಲರ್ ಅವರದು ವಿವರಣೆಗಾಗಿಯೂ, ಸಲ್‌ಸ್ಟನ್ ಅವರದು ವಾತಾವರಣದ ಚಿತ್ರಕ್ಕಾಗಿಯೂ ನಮ್ಮ ವಿದ್ಯಾರ್ಥಿಗಳು ಓದಬೇಕಾದವು. ಮೂರನ್ನೂ ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು: ಅವರು ಏನನ್ನು ಹಂಚಿಕೊಂಡರು? ಯಾರಿಗೆ ಎಷ್ಟು ಪಾಲು ಬಂದಿತು? ಮೊದಲನೆಯದಕ್ಕೆ ಈ ಗ್ರಂಥಗಳಲ್ಲಿ ಸಮೃದ್ಧವಾದ ಉತ್ತರವಿದೆ. ಎರಡನೆಯದಕ್ಕೆ ಉತ್ತರವನ್ನು ಬಹುಮಟ್ಟಿಗೆ ಗ್ರಂಥಗಳ ಹೊರಗೆ, ಶೀರ್ಷಿಕೆ ಪುಟಗಳಲ್ಲಿ, ನೇಮಕದ ಕಡತಗಳಲ್ಲಿ, ಪತ್ರಗಳಲ್ಲಿ ಹುಡುಕಬೇಕಾಗಿದೆ. ಆ ಕೆಲಸ ಇನ್ನೂ ಆರಂಭದ ಸ್ಥಿತಿಯಲ್ಲಿದೆ. ಅದನ್ನು ಕೈಗೊಳ್ಳುವ ತರುಣ ಅಭ್ಯಾಸಿಗಳಿಗೆ ಇಲ್ಲಿ ವಿಶಾಲವಾದ ಕ್ಷೇತ್ರವುಂಟು.